ಹಾವಿಗೊಂದು ಗಾಜಿನ ಮನೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹಾವು ಸಾಕುತ್ತೇನೆಂದರೆ ಯಾರೂ ಬೆಚ್ಚುವುದಿಲ್ಲ. "ಈಗ ಇರುವುದು ಸಾಲದಾ ಮಾರಾಯ?" ಎನ್ನುತ್ತಾರೆ. ನಾಗಬನದಲ್ಲಿ ದೇವರು, ಅಟ್ಟದಲ್ಲಿ ಇಲಿ ಹಿಡಿಯುವ ಕೇರೆ, ಕೋಳಿಗೂಡಿಗೆ ಆಗಾಗ ಬಂದುಹೋಗುವ ಹೆಬ್ಬಾವು. ಆದರೆ ಇವರಲ್ಲಿ ಯಾರನ್ನೂ ಪೆಟ್ಟಿಗೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಆಫ್ರಿಕಾದ ಬಾಲ್ ಪೈಥಾನ್ ಆದರೆ ಆದೀತು, ಅದನ್ನೂ ಕೇಂದ್ರ ಸರಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು.

ಅಂಥದ್ದೊಂದನ್ನು ಸಾಕಲು ಹೊರಟ ತಮ್ಮನ ಮಗ, ಬೇಕಾದವುಗಳ ಪಟ್ಟಿ ಓದಿದ. ಪೆಟ್ಟಿಗೆಯ ಒಂದು ತುದಿ 31–32 ಡಿಗ್ರಿ, ಇನ್ನೊಂದು 25–26. ಎರಡೂ ಕಡೆ ಅಡಗಲು ಗೂಡು, ನೀರಿನ ಬೋಗುಣಿ, ಗಟ್ಟಿ ಚಿಲಕ, ಶಾಖದ ಬಲ್ಬಿಗೆ ಥರ್ಮೋಸ್ಟಾಟ್. ತೇವಾಂಶ ಸುಮಾರು ಶೇ. 60. ಮಳೆಗಾಲದ ಆಟಿ ತಿಂಗಳಲ್ಲಿ ಕಪಾಟಿನ ಪಂಚೆಗೇ ಬೂಸ್ಟು ಹಿಡಿಯುವ ಊರಿನಲ್ಲಿ ತೇವ ಏರಿಸುವುದಲ್ಲ, ಇಳಿಸುವುದೇ ಕಷ್ಟ. ಗಾಳಿಮಳೆಗೆ ಕರೆಂಟು ಹೋದರೆ ಥರ್ಮೋಸ್ಟಾಟ್ ಇದ್ದೂ ಇಲ್ಲದ ಹಾಗೆ. ಹಾಸಲು ತೆಂಗಿನ ನಾರಿನ ಪುಡಿಯನ್ನು ಆನ್‌ಲೈನಿನಲ್ಲಿ ತರಿಸುತ್ತೇನೆಂದಾಗ ಅಮ್ಮನಿಗೆ ತಡೆಯಲಾಗಲಿಲ್ಲ. "ಬಚ್ಚಲಿನ ಹತ್ತಿರ ರಾಶಿ ಸಿಪ್ಪೆ ಉಂಟಲ್ಲ, ಅದಕ್ಕೆ ಎಂತ ಆಗಿದೆ ಮಗಾ?"

ಊಟದ ಮಾತು ಬಂತು. ಹೆಪ್ಪುಗಟ್ಟಿಸಿದ ಇಲಿಯನ್ನು ಫ್ರೀಜರಿನಲ್ಲಿಟ್ಟು, ಬೇಕಾದಾಗ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಕೊಡಬೇಕಂತೆ. ಅಮ್ಮ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತರು. "ಬೂತಾಯಿ ಮೀನಿನ ಪಕ್ಕ ಇಲಿಯಾ? ಅಟ್ಟದ ಕೇರೆ ಒಂದು ದಿನ ಬಿಸಿನೀರು ಕೇಳಿದ್ದುಂಟಾ?"

ಪೆಟ್ಟಿಗೆ ಬಂದಿದೆ, ಹಾವು ಇನ್ನೂ ಬಂದಿಲ್ಲ. ಸದ್ಯಕ್ಕೆ ಬಲ್ಬಿನ ಕೆಳಗೆ ಹಲಸಿನ ಹಪ್ಪಳ ಮಲಗಿದೆ. ಗರಿಗರಿಯಾಗಿದೆ ಎಂದು ಅಮ್ಮ ಅಕ್ಕಪಕ್ಕದವರಿಗೂ ಹೇಳಿಯಾಗಿದೆ.