ಸರ್ವರ್ ಮೀಮಾಂಸೆ: ಖರೀದಿ ಸಮಿತಿಗಳ ಉದ್ಧಾರಾರ್ಥವಾಗಿ

ಕಂಪನಿಗೊಂದು ಸರ್ವರ್ ಕೊಳ್ಳುವುದು ವ್ಯಾಪಾರದ ವಿಷಯವೆಂದು ತಿಳಿದವರು ಪಾಮರರು. ಅದು ಅಪ್ಪಟ ಜ್ಞಾನಮೀಮಾಂಸೆ. ಮೇಜಿನ ಮೇಲೆ ಮೂರು ಕೊಟೇಶನ್, ಮೂರರಲ್ಲೂ ಬಾಯಿಗೆ ಬಾರದ ಮಾಡೆಲ್ ನಂಬರುಗಳು. ಇವುಗಳಲ್ಲಿ ನಿಜ ಯಾವುದು, ಅದು ನಿಜವೆಂದು ತಿಳಿಯುವುದು ಹೇಗೆ? ಕುಮಾರಿಲ ಭಟ್ಟರ ಪರಂಪರೆ ಇದಕ್ಕಾಗಿ ಆರು ಪ್ರಮಾಣಗಳನ್ನು ಸಾವಿರ ವರ್ಷಕ್ಕೂ ಹಿಂದೆಯೇ ಸಿದ್ಧಮಾಡಿಟ್ಟಿದೆ. ಖರೀದಿ ಸಮಿತಿಗಳು ಇವತ್ತಿಗೂ ಒಂದರಲ್ಲೇ ಕಾಲ ಹಾಕುತ್ತಿವೆ.

ಆ ಒಂದು ಶಬ್ದಪ್ರಮಾಣ. ಮೀಮಾಂಸಕರಿಗೆ ವೇದ ಅಪೌರುಷೇಯ. ಸಮಿತಿಗೆ ಡೇಟಾಶೀಟ್ ಅಪೌರುಷೇಯ, ಏಕೆಂದರೆ ಅದನ್ನು ಬರೆದವರು ಯಾರೆಂದು ಮಾರಲು ಬಂದವನಿಗೂ ಗೊತ್ತಿರುವುದಿಲ್ಲ. ಅಲ್ಲಿ ಎಂಟರ್‌ಪ್ರೈಸ್ ಹಾರ್ಡ್ ಡಿಸ್ಕಿನ ಎಂಟಿಬಿಎಫ್, ಎಂದರೆ ಎರಡು ಕೆಡುವಿಕೆಗಳ ನಡುವಿನ ಸರಾಸರಿ ಕಾಲ, 25 ಲಕ್ಷ ಗಂಟೆ ಎಂದಿರುತ್ತದೆ. ಭಾಗಿಸಿದರೆ 285 ವರ್ಷ. ಅಂದರೆ ಇಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನ ಪಟ್ಟದಲ್ಲಿದ್ದಾಗ ಹಾಕಿದ ಡಿಸ್ಕು ಈಚೆಗಷ್ಟೇ ಕೈಕೊಟ್ಟಿರಬೇಕು. ಅದೇ ಹಾಳೆಯಲ್ಲಿ ಕೆಳಗೆ ವಾರಂಟಿ: 5 ವರ್ಷ. ಉಳಿದ 280 ವರ್ಷ ಎಎಂಸಿಗೆ ಸೇರಿದ್ದು.

ಸಂಖ್ಯೆ ಸುಳ್ಳಲ್ಲ, ಅದರ ಅನ್ವಯ ಬೇರೆ. ಸಾವಿರ ಡಿಸ್ಕು ವರ್ಷವಿಡೀ ಓಡಿದರೆ ಮೂರೋ ನಾಲ್ಕೋ ಸಾಯುತ್ತವೆ ಎಂಬುದಷ್ಟೇ ಇಂಥ ವಾಕ್ಯಗಳ ತಾತ್ಪರ್ಯ. ಅದೂ ಪರೀಕ್ಷೆಗೆ ನಿಲ್ಲಲಿಲ್ಲ. 2007ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಸುಮಾರು ಒಂದು ಲಕ್ಷ ಡಿಸ್ಕುಗಳ ಜಾತಕ ಬಿಚ್ಚಿದರು. ಆಗಿನ ಡೇಟಾಶೀಟುಗಳ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ ಶೇ. 0.88 ಕೆಡಬೇಕಿತ್ತು. ಬದಲಾಯಿಸಬೇಕಾಗಿ ಬಂದದ್ದು ಸಾಮಾನ್ಯವಾಗಿ ಶೇ. 2ರಿಂದ 4, ಕೆಲವು ಕಡೆ ಶೇ. 13ರವರೆಗೆ. ಈ ಗಿಬ್ಸನ್, 1988ರಲ್ಲಿ ರೇಡ್ ಎಂಬ, ಒಂದು ಡಿಸ್ಕು ಕೆಟ್ಟರೂ ಉಳಿದವು ಡೇಟಾ ಕಾಯುವ ಸಿದ್ಧಾಂತವನ್ನು ಮಂಡಿಸಿದ ಮೂವರಲ್ಲಿ ಒಬ್ಬರು. ಡಿಸ್ಕು ನಶ್ವರ ಎಂಬ ತತ್ತ್ವದ ಮೇಲೇ ಶಾಸ್ತ್ರ ಕಟ್ಟಿದ ಆಚಾರ್ಯರು.

ಪ್ರತ್ಯಕ್ಷಪ್ರಮಾಣಕ್ಕೆ ಸಮಿತಿಯ ಸದಸ್ಯರು ಸರ್ವರಿನ ಮುಚ್ಚಳ ತಟ್ಟಿ ನೋಡುತ್ತಾರೆ. ಇದು ಸಾಲದು; ಡಿಸ್ಕಿಗೆ ಸದ್ದು ತಟ್ಟುವುದು ಮುಚ್ಚಳ ತಟ್ಟಿದರೆ ಕಾಣದು. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಬ್ರೆಂಡನ್ ಗ್ರೆಗ್ ಡಿಸ್ಕುಗಳ ಮುಂದೆ ಬಾಯಿಟ್ಟು ಗಂಟಲು ಹರಿಯುವಂತೆ ಕಿರುಚಿದರು. ಆ ಕ್ಷಣವೇ ಡಿಸ್ಕಿನ ವಿಳಂಬ ಗ್ರಾಫಿನಲ್ಲಿ ಎದ್ದು ನಿಂತಿತು. ಇದು ತಮಾಷೆಯೆಂದು ನಕ್ಕವರಿಗೆ 2016ರ ಸೆಪ್ಟೆಂಬರ್‌ನಲ್ಲಿ ಬುಖಾರೆಸ್ಟ್‌ನ ಐಎನ್‌ಜಿ ಬ್ಯಾಂಕ್ ಉತ್ತರ ಕೊಟ್ಟಿತು. ಬೆಂಕಿ ನಂದಿಸುವ ಅನಿಲದ ತಾಲೀಮು ನಡೆಸಿದಾಗ ಅನಿಲ ನುಗ್ಗಿದ ಸದ್ದಿಗೇ ಡಿಸ್ಕುಗಳು ಹಾಳಾಗಿ, ಬ್ಯಾಂಕಿನ ವಹಿವಾಟು ಹತ್ತು ಗಂಟೆ ನಿಂತಿತು. ಬೆಂಕಿ ಮಾತ್ರ ಎಲ್ಲೂ ಇರಲಿಲ್ಲ.

ತಮ್ಮದೇ ಡೇಟಾಬೇಸನ್ನು ಒಂದು ವಾರ ಆ ಯಂತ್ರದ ಮೇಲೆ ಓಡಿಸಿ ನೋಡುವುದೇ ನಿಜವಾದ ಪ್ರತ್ಯಕ್ಷ. ಅಷ್ಟು ಪುರುಸೊತ್ತು ಯಾರಿಗಿದೆ? ಬೆಂಚ್‌ಮಾರ್ಕ್ ಅಂಕ ನೋಡಿ ಮುಗಿಸುವುದು ರೂಢಿ. 2024ರಲ್ಲಿ ಆ ಬೆಂಚ್‌ಮಾರ್ಕ್ ರೂಪಿಸುವ ಸ್ಪೆಕ್ ಸಂಸ್ಥೆ ಇಂಟೆಲ್ ಪ್ರೊಸೆಸರುಗಳ 2,600ಕ್ಕೂ ಹೆಚ್ಚು ಫಲಿತಾಂಶಗಳ ಮೇಲೆ ಟಿಪ್ಪಣಿ ಅಂಟಿಸಿತು. ಕಾರಣ, ಅವುಗಳಲ್ಲಿ ಬಳಸಿದ ಕಂಪೈಲರ್, ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ವಿದ್ಯಾರ್ಥಿಯ ಹಾಗೆ, ಒಂದು ಪರೀಕ್ಷೆಗೆಂದೇ ತಯಾರಾಗಿತ್ತು.

ಇನ್ನು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆಯೆಂದು ತಾರ್ಕಿಕರು ತಿಳಿದರು. 2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ತನ್ನ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿತು: ಫರ್ಮ್‌ವೇರ್ ಬದಲಾಯಿಸದಿದ್ದರೆ 32,768 ಗಂಟೆ ಓಡಿದ ಮೇಲೆ ಅವು ಸಾಯುತ್ತವೆ, ಒಳಗಿನ ಡೇಟಾ ಮರಳಿ ಸಿಗುವುದಿಲ್ಲ. ಮೂರು ವರ್ಷ, 270 ದಿನ, 8 ಗಂಟೆ. ಇಷ್ಟು ಕರಾರುವಾಕ್ಕಾದ ಮರಣಮುಹೂರ್ತವನ್ನು ಯಾವ ಜೋಯಿಸರೂ ಇಟ್ಟುಕೊಟ್ಟದ್ದಿಲ್ಲ. ಎರಡರ ಹದಿನೈದನೇ ಘಾತವೇ 32,768. ಗಂಟೆ ಎಣಿಸುವ, ಒಂದು ಬಿಟ್ಟನ್ನು ಚಿಹ್ನೆಗೆ ಬಿಟ್ಟುಕೊಟ್ಟ 16 ಬಿಟ್ ಲೆಕ್ಕದ ಡಬ್ಬಿ ತುಂಬಿ ಚೆಲ್ಲಿದೆಯೆಂದು ಪ್ರೋಗ್ರಾಮರುಗಳು ಹೊಗೆ ನೋಡಿಯೇ ಊಹಿಸಿದರು. ದಾರುಣವಾದ ಭಾಗ ಇನ್ನೊಂದಿದೆ. ಒಂದೇ ದಿನ ಕೊಂಡು ಒಂದೇ ರೇಡ್‌ನಲ್ಲಿ ಹಾಕಿದ ಡಿಸ್ಕುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹೊರಡುತ್ತವೆ. ಒಬ್ಬ ಹೋದರೆ ಇನ್ನೊಬ್ಬ ಇದ್ದಾನೆ ಎಂಬ ಆಚಾರ್ಯರ ಸಿದ್ಧಾಂತ ಆಗ ಏನು ಮಾಡೀತು?

ಉಪಮಾನವನ್ನು, ಎಂದರೆ ಪಕ್ಕದ ಕಂಪನಿಯವರು ಅದನ್ನೇ ತಗೊಂಡಿದ್ದಾರಂತೆ ಎಂಬ ವಾದವನ್ನು, ಈ ಶಾಸ್ತ್ರ ಖಂಡಿಸಲೂ ಹೋಗುವುದಿಲ್ಲ.

ಅರ್ಥಾಪತ್ತಿ ಮಾತ್ರ ಲೆಕ್ಕಪತ್ರ ವಿಭಾಗ ಬಾಯಿಪಾಠ ಮಾಡಬೇಕಾದದ್ದು. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಾನೆ. ಎಲ್-ಒನ್ ಎಂಬ ಅತಿ ಕಡಿಮೆ ದರಕ್ಕೆ ಬಂದ ಸರ್ವರಿನ ಖರ್ಚು ವರ್ಷವರ್ಷ ದಪ್ಪವಾಗುತ್ತಿದ್ದರೆ ರಾತ್ರಿ ಉಣ್ಣುತ್ತಿರುವುದು ಲೈಸೆನ್ಸ್. ವಿಂಡೋಸ್ ಸರ್ವರಿಗೆ ಕೋರ್ ಲೆಕ್ಕದಲ್ಲಿ ಹಣ ಕಟ್ಟಬೇಕು. ಯಂತ್ರದಲ್ಲಿ ಎಂಟೇ ಕೋರ್ ಇದ್ದರೂ ಕನಿಷ್ಠ 16ಕ್ಕೆ. 2019ರಲ್ಲಿ ಎಎಂಡಿ ಒಂದೇ ಪ್ರೊಸೆಸರಿನಲ್ಲಿ 64 ಕೋರ್ ತುಂಬಿಸಿತು. ಹತ್ತು ತಿಂಗಳೂ ತುಂಬುವ ಮೊದಲು, ಒಂದು ಲೈಸೆನ್ಸಿಗೆ 32 ಕೋರ್ ಮಾತ್ರ ಎಂದು ವಿಎಂವೇರ್ ನಿಯಮ ತಂದಿತು. ದೇವದತ್ತನಿಗೆ ಇನ್ನೊಂದು ಎಲೆ ಹಾಕಬೇಕಾಯಿತು.

ಕಡೆಯದು ಅನುಪಲಬ್ಧಿ: ಕಾಣದ್ದರಿಂದ ಇಲ್ಲವೆಂದು ತಿಳಿಯುವುದು. ಇದರ ಮೇಲೆ ನಿಂತವರು ದೋಷ ಹಿಡಿದು ತಿದ್ದುವ ಇಸಿಸಿ ಮೆಮೊರಿಯ ಖರ್ಚು ಉಳಿಸುತ್ತಾರೆ. ಹಳೆಯ ಯಂತ್ರದಲ್ಲಿ ಮೆಮೊರಿ ದೋಷ ಒಂದೂ ಕಂಡಿಲ್ಲವಲ್ಲ! ಆದರೆ ಇದ್ದಿದ್ದರೆ ಕಾಣುತ್ತಿತ್ತು ಎಂಬ ಯೋಗ್ಯತೆ ಇದ್ದಾಗ ಮಾತ್ರ ಅನುಪಲಬ್ಧಿ ಪ್ರಮಾಣವಾಗುತ್ತದೆ. 64 ಬಿಟ್‌ಗೆ 8 ಕಾವಲು ಬಿಟ್ ಇಟ್ಟ ಇಸಿಸಿಗೆ ಆ ಯೋಗ್ಯತೆಯುಂಟು, ಬಡ ಮೆಮೊರಿಗಿಲ್ಲ. ಗೂಗಲ್‌ನ ಸರ್ವರುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷಕ್ಕೆ ಶೇ. 8ಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳು ದೋಷ ತೋರಿದ್ದವು.

ಅನುಬಂಧವಾಗಿ ಒಂದು ಮತಭೇದ. ಎಂಟರ್‌ಪ್ರೈಸ್ ಸರ್ವರಿಗೆ ಎರಡು ಪವರ್ ಸಪ್ಲೈ ಇರಬೇಕೆಂಬ ದ್ವೈತವನ್ನು ಎಲ್ಲ ಸಮಿತಿಗಳೂ ಒಪ್ಪಿ ಹಣ ಕೊಡುತ್ತವೆ. ಯಂತ್ರ ಬಂದ ದಿನ ಎಲೆಕ್ಟ್ರಿಷಿಯನ್ ಎರಡೂ ವೈರನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ, ಬೋರ್ಡನ್ನು ಒಂದೇ ಯುಪಿಎಸ್‌ಗೆ ಸಿಕ್ಕಿಸಿ ಅದ್ವೈತ ಸಾಧಿಸುತ್ತಾನೆ. ಪರಿಹಾರ ಇನ್ನೊಂದು ಯುಪಿಎಸ್. ಅದಕ್ಕೆ ಮೂರು ಕೊಟೇಶನ್ ತರಿಸಲಾಗಿದೆ; ಮೂರರಲ್ಲೂ ಡೇಟಾಶೀಟ್ ಲಗತ್ತಿಸಿದೆ.