ಫೈಲುರಾಯರ ನಾರ್ಮಲ್ ರೇಂಜು

ಬಸವನಗುಡಿಯ ಯಾವ ಕ್ಲಿನಿಕ್ಕಿಗೆ ಹೋದರೂ ಬೆಂಚಿನ ಮೇಲೆ ಫೈಲುರಾಯರೊಬ್ಬರು ಇದ್ದೇ ಇರುತ್ತಾರೆ. ಮಲ್ಲೇಶ್ವರದಲ್ಲಿ, ಮೈಸೂರಿನ ಸರಸ್ವತಿಪುರದಲ್ಲಿ ಸಿಗುವವರೂ ಇವರೇ. ಫೈಲಿನ ಬಣ್ಣ ಮಾತ್ರ ಬೇರೆ. ನಿವೃತ್ತಿಯವರೆಗೆ ಊರವರ ಫೈಲು ನೋಡಿದ ಕೈ ಈಗ ತನ್ನದೇ ಫೈಲನ್ನು ತಾರೀಖಿನ ಪ್ರಕಾರ ಜೋಡಿಸಿ, ದಾರ ಕಟ್ಟಿ, ಎದೆಗವಚಿಕೊಂಡಿರುತ್ತದೆ. ಪಕ್ಕದಲ್ಲಿ ಯಾರೇ ಕೂತರೂ ಮೊದಲ ಪ್ರಶ್ನೆ, ‘ನಿಮ್ದೆಷ್ಟು?’ ಬಿ.ಪಿ.ಯೋ ಶುಗರೋ ಕೊಲೆಸ್ಟರಾಲೋ ಎಂದು ಬಿಡಿಸಿ ಹೇಳುವ ಪದ್ಧತಿಯಿಲ್ಲ. ನಿಮ್ಮದು ಅವರದಕ್ಕಿಂತ ಕಡಿಮೆಯಿದ್ದರೆ ‘ಯಾವ ಲ್ಯಾಬು?’ ಎಂದು ಅನುಮಾನ. ಹೆಚ್ಚಿದ್ದರೆ ಭುಜ ತಟ್ಟಿ, ಮೆಂತ್ಯ ನೆನೆಸಿಟ್ಟು ಕುಡಿಯಿರಿ ಎಂಬ ಸಾಂತ್ವನ.

ರಕ್ತಪರೀಕ್ಷೆ ಎಂದರೆ ರಾಯರಿಗೆ ಈಗಲೂ ಎಸ್ಸೆಸ್ಸೆಲ್ಸಿಯೇ. ಮೂರು ದಿನ ಮುಂಚೆ ತಯಾರಿ. ಕಾಫಿಗೆ ಸಕ್ಕರೆ ಬಂದ್, ರಾತ್ರಿಗೆ ಎರಡೇ ಚಪಾತಿ, ಕೃಷ್ಣರಾವ್ ಪಾರ್ಕಿನಲ್ಲಿ ನಾಲ್ಕು ಸುತ್ತು ಜಾಸ್ತಿ. ರಕ್ತ ಕೊಡುವುದು ಶನಿವಾರ ಬೆಳಿಗ್ಗೆಯೇ. ಶುಕ್ರವಾರ ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ರಜೆ, ವ್ರತಭಂಗದ ಭಯವಿಲ್ಲ. ಫಾಸ್ಟಿಂಗ್ ಶುಗರ್ 104. ಫಸ್ಟ್ ಕ್ಲಾಸಲ್ಲದಿದ್ದರೂ ಪಾಸು. ಮೀಸೆ ತಿರುವುವಷ್ಟರಲ್ಲಿ ಕೆಳಗಿನ ಸಾಲಿನಲ್ಲಿ ಎಚ್‌ಬಿಎ1ಸಿ 7.1 ಅಂತ ದಪ್ಪಕ್ಷರ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಒಮ್ಮೆ ಅಂಟಿದ ಸಕ್ಕರೆಯನ್ನು ಅದು ಸಾಯುವತನಕ ಬಿಡುವುದಿಲ್ಲ. ಹಾಗಾಗಿ ಮೂರು ದಿನದ ಚಪಾತಿಯ ಹಿಂದೆ ಎರಡು ಮೂರು ತಿಂಗಳ ಒಬ್ಬಟ್ಟು, ಮದುವೆಮನೆಯ ಚಿರೋಟಿ, ಮೊಮ್ಮಗಳ ಹುಟ್ಟುಹಬ್ಬದ ಕೇಕು ಎಲ್ಲವೂ ಬಂದು ಸಾಕ್ಷಿ ಹೇಳುತ್ತವೆ. 6.5 ಮುಟ್ಟಿದರೆ ಮಧುಮೇಹ ಎಂಬುದು ರಾಯರಿಗೆ ಬಾಯಿಪಾಠ. ‘ಸ್ಯಾಂಪಲ್ ಅದಲುಬದಲಾಗಿದೆ’ ಎನ್ನುತ್ತಾರೆ. ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಆ ಹಾಳೆ ಹೇಗೋ ಫೈಲಿನ ತಳ ಸೇರಿರುತ್ತದೆ.

‘ಹೇಗಿದ್ದೀರಿ?’

‘ಇ.ಎಸ್.ಆರ್. 24, ಡಾಕ್ಟ್ರೇ. 20ರೊಳಗಿರಬೇಕು ಅಂತ ಅವರೇ ಪ್ರಿಂಟ್ ಹಾಕಿದ್ದಾರೆ.’

‘ನಿಮ್ಮ ವಯಸ್ಸಿಗೆ ಅದೇನೂ ಹೆಚ್ಚಲ್ಲ.’

ರಾಯರ ಮುಖ ಬಾಡುತ್ತದೆ. ರಾತ್ರಿಯಿಡೀ ಗೂಗಲ್ ಮಾಡಿ ಕ್ಷಯದಿಂದ ಹಿಡಿದು ಸಂಧಿವಾತದವರೆಗೆ ಪಟ್ಟಿ ಮಾಡಿಕೊಂಡು ಬಂದವರಿಗೆ ‘ಏನೂ ಇಲ್ಲ’ ಎಂದರೆ ಫೀಸು ದಂಡವಲ್ಲವೆ? ಡಾಕ್ಟರು ಪಾಪ, ವಿವರಿಸುತ್ತಾರೆ: ನಾರ್ಮಲ್ ರೇಂಜಿನ ಗೆರೆಯನ್ನು ಸಾಮಾನ್ಯವಾಗಿ ನೂರು ಆರೋಗ್ಯವಂತರಲ್ಲಿ 95 ಮಂದಿ ಒಳಗೆ ಬೀಳುವಂತೆ ಎಳೆದಿರುತ್ತಾರೆ, ಉಳಿದ ಐವರು ಗಟ್ಟಿಮುಟ್ಟಾಗಿದ್ದೂ ಗೆರೆಯಾಚೆ. ಮಾಸ್ಟರ್ ಚೆಕಪ್ ಅಂತ ಅರವತ್ತು ಐಟಂ ಮಾಡಿಸಿದರೆ ಎರಡು ಮೂರಕ್ಕೆ ನಕ್ಷತ್ರ ಬೀಳದಿದ್ದರೇ ಆಶ್ಚರ್ಯ. (ಪ್ಯಾಕೇಜ್ ಮಾರುವವರು ಇದನ್ನು ಜಾಹೀರಾತಿನಲ್ಲಿ ಹಾಕಿದ್ದನ್ನು ನಾನಂತೂ ಕಂಡಿಲ್ಲ.)

‘ಆ ಐವರಲ್ಲಿ ನಾನೇ ಒಬ್ಬ ಅಂತ ಏನು ಗ್ಯಾರಂಟಿ?’ ಎನ್ನುತ್ತಾರೆ ರಾಯರು.

ಡಾಕ್ಟರು ಉತ್ತರಿಸದೆ ಫೈಲಿನ ತಳಕ್ಕೇ ಕೈ ಹಾಕುತ್ತಾರೆ. ಇಂಥ ಎಷ್ಟು ಫೈಲು ಕಂಡಿಲ್ಲ ಅವರು!

‘ಸಿಹಿ ತಿಂತೀರಾ?’

‘ಮುಟ್ಟೋದೇ ಇಲ್ಲ.’

ಪಕ್ಕದ ಕುರ್ಚಿಯಲ್ಲಿ ರಾಯರ ಹೆಂಡತಿ ಕೆಮ್ಮುತ್ತಾರೆ. ಅದು ನೆಗಡಿಯ ಕೆಮ್ಮಲ್ಲ. ಅಷ್ಟನ್ನೇ ಓದಿಕೊಂಡು ಡಾಕ್ಟರು ಮಾತ್ರೆ ಬದಲಿಸುತ್ತಾರೆ.

ಎಲ್ಲ ಮುಗಿಯಿತು, ಮುಂದಿನವರ ಹೆಸರನ್ನೂ ಕೂಗಿಯಾಯಿತು. ಬಾಗಿಲಿಗೆ ಕೈ ಹಾಕಿದ ರಾಯರು ತಿರುಗಿ ನಿಲ್ಲುತ್ತಾರೆ.

‘ಅಂದ್ಹಾಗೆ ಡಾಕ್ಟ್ರೇ, ಮಹಡಿ ಹತ್ತುವಾಗ ಎದೆ ಒಂಥರಾ ಹಿಡ್ಕೊಳ್ಳುತ್ತೆ. ಒಂದು ನಿಮಿಷ ನಿಂತ್ರೆ ಸರಿಹೋಗುತ್ತೆ.’

ಡಾಕ್ಟರ ಪೆನ್ನು ಅಲ್ಲೇ ನಿಲ್ಲುತ್ತದೆ. ‘ಕೂತ್ಕೊಳ್ಳಿ. ಎಷ್ಟು ದಿನದಿಂದ? ಇದನ್ನಲ್ವಾ ಮೊದಲು ಹೇಳಬೇಕಾದ್ದು?’

‘ಯಾವ ರಿಪೋರ್ಟಲ್ಲೂ ಬಂದಿರ್ಲಿಲ್ಲ, ಅದಕ್ಕೇ ಹೇಳ್ಲಿಲ್ಲ.’

ಇ.ಸಿ.ಜಿ.ಗೆ ಚೀಟಿ ಬರೆಯುತ್ತಿದ್ದಂತೆ ರಾಯರ ಕಣ್ಣಲ್ಲಿ ಕಳೆ ಬರುತ್ತದೆ. ಫೈಲಿಗೆ ಹೊಸ ಹಾಳೆ. ‘ಖಾಲಿ ಹೊಟ್ಟೇಲಿ ಬರ್ಬೇಕಾ?’

‘ಏನೂ ಬೇಡ. ಪಕ್ಕದ ರೂಮು, ಈಗಲೇ.’

‘ಈಗ್ಲೇನಾ?’ ರಾಯರು ಗಾಬರಿಯಾಗುತ್ತಾರೆ. ‘ಮೂರು ದಿನ ಟೈಮ್ ಕೊಡಿ ಡಾಕ್ಟ್ರೇ, ಏನೂ ತಯಾರಿ ಆಗಿಲ್ಲ.’