ನಲಿಕಲಿ ಮೇಡಂ, ನಿಮ್ಮ ಪ್ರಗತಿ ಏನೇನೂ ಸಾಲದು

ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ನಲಿಕಲಿ ಮೇಡಂ ಅವರಿಗೆ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯನೊಬ್ಬನ ಬಹಿರಂಗ ಪತ್ರ.

ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ನಿಮ್ಮ ಮೇಲೆ ಕೆಲವು ದೂರುಗಳಿವೆ. ಎದುರಿಗೇ ಹೇಳೋಣವೆಂದರೆ ಟೀ ಕುಡಿಸಿ ಕಳಿಸಿಬಿಡುತ್ತೀರಿ. ಅದಕ್ಕೇ ಊರಿಗೆಲ್ಲ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ತರಗತಿಯ ಪ್ರಗತಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನೆಲ್ಲ ಒಂದೇ ಕೊಠಡಿಯಲ್ಲಿ ಗುಂಪು ಮಾಡಿ ಐದು ಕಲಿಕಾ ತಟ್ಟೆಗಳ ಸುತ್ತ ಕೂರಿಸಿದ್ದೀರಿ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿಬಂದು ಶುರುಮಾಡಿದ ಪದ್ಧತಿಯಂತೆ ಈ ನಲಿಕಲಿ. 2009-10ರಲ್ಲಿ ರಾಜ್ಯಕ್ಕೆಲ್ಲ ಬಂತು. ಇದರ ದೊಡ್ಡ ದೋಷವೆಂದರೆ ಪ್ರತಿ ಮಗುವೂ ತನ್ನ ಪಾಡಿಗೆ ತಾನು ಕಲಿಕಾ ಏಣಿ ಹತ್ತುತ್ತದೆ. ಯಾರು ಯಾವ ಮೈಲಿಗಲ್ಲಿನಲ್ಲಿದ್ದಾರೆಂದು ತಿಳಿಯಲು ನೆಲದ ಮೇಲೆ ಆ ಮಗುವಿನ ಪಕ್ಕ ಕೂರಬೇಕು. ತಪಾಸಣೆಗೆ ಜೀಪಿನಲ್ಲಿ ಬಂದವರಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ತೋಟದ ಕೂಲಿಗೆ ಬಂದ ಲಂಬಾಣಿ ಕುಟುಂಬದ ಹುಡುಗಿಯೊಬ್ಬಳು ಮೊದಲ ತಿಂಗಳು ಬಾಗಿಲು ಬಿಟ್ಟು ಒಳಗೇ ಬರುತ್ತಿರಲಿಲ್ಲ. ಈಗ ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಕಾರ್ಡು ಓದಿಸುತ್ತಾಳೆ, ತಪ್ಪಿದರೆ ನಿಮ್ಮ ಹಾಗೆಯೇ ಕನ್ನಡಕ ಸರಿಮಾಡಿಕೊಳ್ಳುವ ನಟನೆ ಬೇರೆ. ಇದನ್ನು ಪ್ರಗತಿ ವರದಿಯ ಯಾವ ಕಾಲಂನಲ್ಲಿ ತುಂಬುತ್ತೀರಿ? ತುಂಬಲಾಗದ್ದನ್ನು ಸಾಧಿಸಿ ಏನು ಪ್ರಯೋಜನ?

ಇನ್ನು ಹಣ ಎತ್ತುವುದು. ಈ ವಿಷಯದಲ್ಲಂತೂ ನೀವು ಪೂರ್ತಿ ದಡ್ಡರು. ಮೂವತ್ತು ದಾಟಿ ನೂರರೊಳಗೆ ಮಕ್ಕಳಿರುವ ನಮ್ಮಂಥ ಶಾಲೆಗೆ ಸಮಗ್ರ ಶಿಕ್ಷಣದ ಅನುದಾನ ವರ್ಷಕ್ಕೆ 25,000 ರೂಪಾಯಿ. ರಿಜಿಸ್ಟರು, ಫಿನಾಯಿಲು, ಒಡೆದ ನಲ್ಲಿ, ಒಡೆದ ಹೆಂಚು, ಎಲ್ಲವೂ ಅದರಲ್ಲೇ. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತವೆಂದು ಘೋಷಣೆಯಾಯಿತು. ಫ್ಯಾನು ಮಾತ್ರ ನಾವೇ ತರಬೇಕು. ಫ್ಯಾನು ಕೊಡಲೆಂದೇ ಬೆಂಗಳೂರಿನಿಂದ ದಾನಿಗಳು ಬಂದರು, ಕಪ್ಪುಹಲಗೆಗಿಂತ ದೊಡ್ಡ ಫ್ಲೆಕ್ಸನ್ನೂ ತಂದರು. ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸುವುದು ಬಿಟ್ಟು, "ಇದು ಓದುವ ಅವಧಿ, ಹತ್ತು ನಿಮಿಷ ಕೂತಿರಿ" ಅಂದಿರಲ್ಲ! ಅವರು ಕೂರಲಿಲ್ಲ. ಫ್ಯಾನೂ ಅವರ ಜೊತೆಯೇ ಕಾರು ಹತ್ತಿತು.

2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದೆಂದು ಇಲಾಖೆಯೇ ಸುತ್ತೋಲೆ ಹೊರಡಿಸಿತ್ತು. ಗಲಾಟೆಯಾಯಿತು, ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು. ಖರ್ಚು ಮಾತ್ರ ವಾಪಸಾಗಲಿಲ್ಲ. ಬಿಸಿಯೂಟದ ಮೊಟ್ಟೆಯದನ್ನೇ ನೋಡಿ: ಒಂದಕ್ಕೆ ಬರುವುದು 6 ರೂಪಾಯಿ, ಗ್ಯಾಸು, ಸುಲಿಯುವ ಕೂಲಿ ಎಲ್ಲ ಅದರಲ್ಲೇ. ಅಂಗಡಿಯಲ್ಲಿ ಬರೀ ಮೊಟ್ಟೆಯೇ ಆ ದರ ದಾಟಿದಾಗ ಮಿಕ್ಕಿದ್ದು ಯಾರ ಪರ್ಸಿನಿಂದ ಬರುತ್ತದೆಂದು ಅಡುಗೆಯವರು ನಮಗೆ ಹೇಳಿದ್ದಾರೆ. ಗೋಡೆಯ ಮೇಲಿನ ದಾನಿಗಳ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ. ಎಂಥ ಅಶಿಸ್ತು!

ವೃತ್ತಿ ಬೆಳವಣಿಗೆಯ ಬಗ್ಗೆ ಹೇಳದಿರುವುದೇ ವಾಸಿ. ವರ್ಷಕ್ಕೆ ಕನಿಷ್ಠ 50 ಗಂಟೆ ತರಬೇತಿ ಎನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ದೀಕ್ಷಾ ಆ್ಯಪಿನಲ್ಲಿ ವಿಡಿಯೊ ಓಡಲು ಬಿಟ್ಟು, ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಪ್ರಮಾಣಪತ್ರ ಸಂಪಾದಿಸುವವರು ಇದ್ದಾರೆ. ನೀವೋ, ಪೂರ್ತಿ ನೋಡಿ, ಅದರಲ್ಲಿದ್ದ ಲೆಕ್ಕದ ಆಟವನ್ನು ಹುಣಸೆ ಬೀಜದಲ್ಲಿ ಆಡಿಸಲು ಹೋಗಿ, ಮುಂದಿನ ಕೋರ್ಸಿನ ಗಡುವು ತಪ್ಪಿಸಿಕೊಂಡಿರಿ. ಆ ಹುಡುಗಿಯ ಅಜ್ಜಿಯ ಹತ್ತಿರ ಕೂತು ಲಂಬಾಣಿ ಮಾತು ಕಲಿತಿರಿ, ಅದಕ್ಕೆ ಪ್ರಮಾಣಪತ್ರ ಎಲ್ಲಿದೆ? ಒಂದು ಸಮಾಧಾನವಿದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೋಧನೆಯಲ್ಲದ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳಿದ್ದರೂ, 2025ರ ದಸರಾ ರಜೆಯಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆಂದು ಮನೆ ಮನೆ ಅಲೆದು, ಕರೆಂಟ್ ಮೀಟರ್ ನೋಡಿ ಮನೆ ಗುರುತಿಸುವ ವಿದ್ಯೆಯನ್ನೂ ಕಲಿತಿರಿ. ಬೆಳವಣಿಗೆ ಎಂದರೆ ಅದು!

ಆದ್ದರಿಂದ ಬರುವ ಸಭೆಯಲ್ಲಿ ನಾನು ಠರಾವು ಮಂಡಿಸುತ್ತಿದ್ದೇನೆ. ದೇಣಿಗೆಯ ರಸೀದಿ ಪುಸ್ತಕ ಇನ್ನು ಮುಂದೆ ಮೇಡಂ ಕೈಯಲ್ಲಿ ಇರತಕ್ಕದ್ದಲ್ಲ, ಸಮಿತಿಯವರೇ ಹಿಡಿದು ತಿರುಗತಕ್ಕದ್ದು. ಮೊಟ್ಟೆಯ ದರದ ವ್ಯತ್ಯಾಸವನ್ನು ಇಲಾಖೆಯೇ ಭರಿಸಬೇಕೆಂದು ಬಿಇಒ ಕಚೇರಿಗೆ ಬರೆಯತಕ್ಕದ್ದು. ಪೋಷಕರೆಲ್ಲ ತಪ್ಪದೆ ಬಂದು ಸಹಿ ಹಾಕಿ; ಕೋರಂ ಇಲ್ಲದೆ ಹೋದರೆ ಠರಾವು ಬಿದ್ದುಹೋಗುತ್ತದೆ.

ಇಂತಿ,
ಮೂರನೇ ತರಗತಿಯ ಹುಡುಗನೊಬ್ಬನ ಅಪ್ಪ